ಒಂದೇ ಕಂಪನಿಗೆ ಮೇಲ್ ಹೋಗ್ತಿಲ್ವಾ? ಹೀಗೆ ಹುಡುಕಿ

ನಮ್ಮ ಭಾವ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುತ್ತಾರೆ. ಬಿಲ್ಲು, ಕೊಟೇಶನ್ ಎಲ್ಲವೂ ಪ್ರೆಸ್ಸಿನ ಹೆಸರಿನ ಮೇಲ್‌ನಿಂದಲೇ ಹೋಗುತ್ತವೆ. ಕಳೆದ ವರ್ಷ ಒಂದು ಕಂಪನಿಗೆ ಮಾತ್ರ ಮೇಲ್ ಹೋಗುವುದು ನಿಂತಿತು. ಉಳಿದ ಗಿರಾಕಿಗಳಿಗೆಲ್ಲ ಸರಾಗ. ‘ಅವರ ಕಡೆ ಏನೋ ಕೆಟ್ಟಿರಬೇಕು’ ಎಂದು ಭಾವ ಹತ್ತು ದಿನ ಸುಮ್ನೆ ಕಾದರು. ಕೆಟ್ಟಿದ್ದು ನಮ್ಮ ಕಡೆ.

ಮೊದಲ ಕೆಲಸ, ವಾಪಸ್ ಬಂದ ಮೇಲ್ ತೆರೆದು ಓದುವುದು. ಕಳಿಸಿದವರ ಜಾಗದಲ್ಲಿ ‘ಮೇಲರ್ ಡೀಮನ್’ (ಸರ್ವರಿನ ಟಪಾಲು ಪ್ರೋಗ್ರಾಂ) ಎಂಬ ಹೆಸರು ಕಂಡ ಕೂಡಲೇ ಬಹಳ ಜನ ಡಿಲೀಟ್ ಮಾಡಿಬಿಡುತ್ತಾರೆ. ಮಾಡಬೇಡಿ. ಉತ್ತರ ಅರ್ಧಕ್ಕರ್ಧ ಅದರಲ್ಲೇ ಇರುತ್ತದೆ. ಒಳಗೆ ಮೂರಂಕಿಯ ಒಂದು ಸಂಖ್ಯೆ ಹುಡುಕಿ. 4ರಿಂದ ಶುರುವಾದರೆ ‘ಈಗ ಆಗಲ್ಲ, ಆಮೇಲೆ ಬಾ’ ಎಂದರ್ಥ. ನಿಮ್ಮ ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಸಾಮಾನ್ಯವಾಗಿ ನಾಲ್ಕೈದು ದಿನ. ನೀವು ಅದನ್ನೇ ಹತ್ತು ಸಲ ಕಳಿಸುವುದು ಬೇಡ. 5ರಿಂದ ಶುರುವಾದರೆ ಬಾಗಿಲು ಹಾಕಿದ್ದಾರೆ ಎಂದೇ ಲೆಕ್ಕ.

ಪಕ್ಕದಲ್ಲಿ ಚುಕ್ಕಿಗಳಿರುವ ಇನ್ನೊಂದು ಸಂಖ್ಯೆ ಇರುತ್ತದೆ. 5.1.1 ಇದ್ದರೆ ಆ ಹೆಸರಿನ ವಿಳಾಸವೇ ಅಲ್ಲಿಲ್ಲ. ಸ್ಪೆಲಿಂಗ್ ತಪ್ಪಿರಬಹುದು, ಆ ಮನುಷ್ಯ ಕೆಲಸ ಬಿಟ್ಟಿರಬಹುದು. 5.2.2 ಅಂದರೆ ಅವರ ಮೇಲ್ ಡಬ್ಬಿ ತುಂಬಿದೆ. 5.7ರಿಂದ ಶುರುವಾದರೆ ನಿಮ್ಮ ಮೇಲೆ ಅವರಿಗೆ ನಂಬಿಕೆಯಿಲ್ಲ. ಭಾವನಿಗೆ ಬಂದಿದ್ದು ಇದೇ.

ಎರಡನೆಯದು, ಅದೇ ಕಂಪನಿಯ ಇನ್ನೊಬ್ಬರಿಗೆ ಬರೀ ಎರಡು ಸಾಲಿನ ಮೇಲ್ ಕಳಿಸಿ. ಅದು ತಲುಪಿದರೆ ತೊಂದರೆ ಮೊದಲಿನವರ ವಿಳಾಸದ್ದು, ಇಲ್ಲವೇ ನಿಮ್ಮ ಅಟ್ಯಾಚ್‌ಮೆಂಟಿನದು. ಜಿಮೇಲ್‌ನಿಂದ ಕಳಿಸುವಾಗ ಮಿತಿ 25 ಎಂಬಿ. ಆದರೆ ಪಡೆಯುವವರು 10 ಎಂಬಿಗೇ ಸಾಕು ಅಂದಿರಬಹುದು. ಜೊತೆಗೆ ದಾರಿಯಲ್ಲಿ ಫೈಲ್ ಮೂರರಲ್ಲೊಂದು ಪಾಲು ಜಾಸ್ತಿ ಉಬ್ಬುತ್ತದೆ. 8 ಎಂಬಿಯ ಪಿಡಿಎಫ್ ಹತ್ತನ್ನು ದಾಟುವುದು ಹೀಗೆ.

ಎರಡು ಸಾಲಿನದೂ ವಾಪಸ್ ಬಂತೇ? ನಿಮ್ಮ ಸ್ವಂತ ಜಿಮೇಲ್‌ನಿಂದ ಕಳಿಸಿ ನೋಡಿ. ಅದೂ ಹೋಗದಿದ್ದರೆ ಅವರ ಡೊಮೇನ್‌ನ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಎಂಎಕ್ಸ್ ರೆಕಾರ್ಡ್ ನೋಡಬೇಕು. ‘ನಮ್ಮ ಟಪಾಲು ಈ ಸರ್ವರಿಗೆ ಕೊಡಿ’ ಎಂದು ಹೇಳುವ ಬೋರ್ಡ್ ಅದು. ಎಂಎಕ್ಸ್ ಟೂಲ್‌ಬಾಕ್ಸ್ ತಾಣದಲ್ಲಿ ಡೊಮೇನ್ ಹೆಸರು ಹಾಕಿದರೆ ಕಾಣುತ್ತದೆ. ಏನೂ ಕಾಣದಿದ್ದರೆ ಅವರು ಡೊಮೇನ್ ರಿನ್ಯೂ ಮಾಡುವುದನ್ನೇ ಮರೆತಿರಬಹುದು. ಫೋನ್ ಮಾಡಿ ಹೇಳಿ, ಪುಣ್ಯ ಬರುತ್ತದೆ.

ಜಿಮೇಲ್‌ನಿಂದ ಹೋಗಿ ನಿಮ್ಮ ಡೊಮೇನ್‌ನಿಂದ ಹೋಗದಿದ್ದರೆ ನಿಮ್ಮ ಕಾಗದಪತ್ರ ಸರಿಯಿಲ್ಲ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ನೋಡಬೇಕಾದವು ಮೂರು. ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂಬ ಪಟ್ಟಿ ಎಸ್‌ಪಿಎಫ್. ಪ್ರತಿ ಮೇಲ್‌ಗೂ ಬೀಳುವ ಮುದ್ರೆ ಡಿಕೆಐಎಂ. ಈ ಎರಡರಲ್ಲಿ ಒಂದೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ನೀವೇ ಬರೆದಿಡುವ ಸೂಚನೆ ಡಿಮಾರ್ಕ್. ಎಲ್ಲವೂ ಡೊಮೇನ್‌ನ ಡಿಎನ್‌ಎಸ್ ಪುಟದಲ್ಲಿರುತ್ತವೆ; ಡೊಮೇನ್‌ನ ವಿವರಗಳನ್ನು ಎಲ್ಲರೂ ನೋಡುವಂತೆ ಬರೆದಿಡುವ ಜಾಗ ಅದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದರಲ್ಲಿ ಬಿಗಿಯಾದವು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಮೂರೂ ಬೇಕು. ನಮ್ಮಂಥವರಿಗೆ ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು.

ಪರೀಕ್ಷೆ ಸುಲಭ. ಪ್ರೆಸ್ಸಿನ ಮೇಲ್‌ನಿಂದ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಮೂರರ ಮುಂದೆಯೂ ಪಾಸ್ ಅಥವಾ ಫೇಲ್ ಎಂದು ಬರೆದಿರುತ್ತದೆ, ಶಾಲೆಯ ಮಾರ್ಕ್ಸ್ ಕಾರ್ಡಿನ ಹಾಗೆ.

ಭಾವನದು ಎಸ್‌ಪಿಎಫ್‌ನಲ್ಲಿ ಫೇಲ್ ಆಗಿತ್ತು. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿದ ಹುಡುಗ ಹಳೆಯ ಎಸ್‌ಪಿಎಫ್ ಸಾಲಿಗೆ ಕೈಹಚ್ಚದೆ, ಕೆಳಗೆ ಇನ್ನೊಂದು ಸೇರಿಸಿ ಹೋಗಿದ್ದ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಪಡೆಯುವ ಸರ್ವರ್ ಯಾವುದನ್ನೂ ನಂಬುವುದಿಲ್ಲ, ಎರಡನ್ನೂ ತಪ್ಪು ಎನ್ನುತ್ತದೆ. ಬೇರೆ ಕಂಪನಿಗಳು ಡಿಕೆಐಎಂ ಮುದ್ರೆ ನೋಡಿ ಒಳಗೆ ಬಿಟ್ಟಿದ್ದವು. ಇವರ ಕಾವಲುಗಾರ ಕಟ್ಟುನಿಟ್ಟಿನವನು, ಬಿಡಲಿಲ್ಲ. ಎರಡು ಸಾಲನ್ನೂ ಒಂದಾಗಿ ಜೋಡಿಸಿದೆವು. ಹೀಗೆ ಜೋಡಿಸುತ್ತಾ ಹೋಗುವಾಗ ಒಂದು ಎಚ್ಚರ: ಆ ಸಾಲು ಓದಲು 10ಕ್ಕಿಂತ ಜಾಸ್ತಿ ಡಿಎನ್‌ಎಸ್ ಹುಡುಕಾಟ ಬೇಕಾದರೆ ಅದೂ ಫೇಲ್. ನೀವು ಈಗ ಬಳಸದ ಸೇವೆಗಳ ಹೆಸರು ತೆಗೆದುಹಾಕಿ.

ಮೂರೂ ಪಾಸ್ ಆಗಿದ್ದರೂ ವಾಪಸ್ ಬರುತ್ತಿದ್ದರೆ ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿ ನೋಡಿ. ಅಗ್ಗದ ಹೋಸ್ಟಿಂಗ್‌ನಲ್ಲಿ (ಬಾಡಿಗೆ ಸರ್ವರ್) ಒಂದೇ ಐಪಿ ವಿಳಾಸವನ್ನು (ಸರ್ವರಿನ ಅಂಕಿಯ ಗುರುತು) ನೂರಾರು ಜನ ಹಂಚಿಕೊಂಡಿರುತ್ತಾರೆ. ಒಬ್ಬ ಸ್ಪ್ಯಾಮ್ ಕಳಿಸಿದರೆ ವಠಾರಕ್ಕೆಲ್ಲ ಕೆಟ್ಟ ಹೆಸರು. ಸ್ಪ್ಯಾಮ್‌ಹೌಸ್ ತಾಣದಲ್ಲಿ ಐಪಿ ಹಾಕಿದರೆ ಗೊತ್ತಾಗುತ್ತದೆ. ಸಿಕ್ಕಿಬಿದ್ದರೆ ಹೋಸ್ಟಿಂಗ್‌ನವರನ್ನೇ ಹಿಡಿಯಬೇಕು.

ಇನ್ನೊಂದು ವಿಚಿತ್ರ ಕೇಸ್ ಇದೆ. ಮೇಲ್ ಅನ್ನು ಗೂಗಲ್‌ಗೆ ಬದಲಾಯಿಸಿರುತ್ತೀರಿ, ವೆಬ್‌ಸೈಟ್ ಹಳೆಯ ಹೋಸ್ಟಿಂಗ್‌ನಲ್ಲೇ ಇರುತ್ತದೆ. ಆಗ ವೆಬ್‌ಸೈಟ್ ಫಾರ್ಮ್ ನಿಮ್ಮ ಡೊಮೇನ್‌ಗೇ ಕಳಿಸಿದ ಮೇಲ್ ತಲುಪುವುದಿಲ್ಲ. ಆ ಸರ್ವರ್ ಡಬ್ಬಿ ಇನ್ನೂ ತನ್ನ ಬಳಿಯೇ ಇದೆ ಎಂದುಕೊಂಡು ಹೊರಗೆ ಕಳಿಸುವುದೇ ಇಲ್ಲ. ಹೋಸ್ಟಿಂಗ್ ನೋಡಿಕೊಳ್ಳುವ ಪುಟವಾದ ಸಿಪ್ಯಾನೆಲ್‌ನ ‘ಇಮೇಲ್ ರೌಟಿಂಗ್’ನಲ್ಲಿ ಲೋಕಲ್ ಬದಲು ರಿಮೋಟ್ ಆರಿಸಿ.

ಇಷ್ಟಾದರೂ ಬಗೆಹರಿಯದಿದ್ದರೆ ಆ ಕಂಪನಿಯ ಐಟಿಯವರೇ ಗತಿ. ಬರೀ ‘ಮೇಲ್ ಬರ್ತಿಲ್ಲ’ ಅಂದರೆ ಅವರು ಕೈಚೆಲ್ಲುತ್ತಾರೆ. ಕಳಿಸಿದ ದಿನ, ಸಮಯ, ನಿಮ್ಮ ಸರ್ವರಿನ ಐಪಿ, ವಾಪಸ್ ಬಂದ ಮೇಲ್‌ನ ಪೂರ್ತಿ ಪಠ್ಯ ಕೊಡಿ. ಇದನ್ನು ನಿಮ್ಮ ಡೊಮೇನ್‌ನಿಂದ ಕಳಿಸಿದರೆ ಇದೂ ವಾಪಸ್ಸೇ, ಅಲ್ವಾ? ಜಿಮೇಲ್‌ನಿಂದ ಕಳಿಸಿ. ಭಾವ ಆ ಹತ್ತು ದಿನದ ಬಿಲ್ಲುಗಳನ್ನು ಕೊನೆಗೆ ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿದ್ದರು.