ಯಾರನ್ನಾದರೂ ಬೈದುಕೊಳ್ಳುವ ಮುಂಚೆ ಇದೊಂದು ಮಾಡಿ ನೋಡಿ

ಕೋಲಾರದ ಗೆಳೆಯರೇ, ಹೋದ ವಾರ ಎಪಿಎಂಸಿಗೆ ಟೊಮೆಟೊ ಹಾಕಿ ಬರುತ್ತಿದ್ದೆ. ಪಕ್ಕದ ತೋಟದ ಅಣ್ಣ ಎದುರಿಗೇ ಸಿಕ್ಕರು. ಮಾತಾಡಿಸಿದರೂ ತಿರುಗಿ ನೋಡಲಿಲ್ಲ. ಎಷ್ಟು ಜಂಬ ಅಂದುಕೊಂಡೆ. ಮನೆಯಲ್ಲೂ ಹಾಗೇ ಹೇಳಿಬಿಟ್ಟೆ. ಸಂಜೆ ಗೊತ್ತಾಯಿತು, ಅವರ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ. ಆ ಮಾತು ಆಡಬಾರದಿತ್ತು, ಈಗಲೂ ಬೇಸರವಿದೆ.

ನಾವು ತಪ್ಪು ಮಾಡಿದರೆ ಏನೋ ಅವಸರ ಇತ್ತು ಅನ್ನುತ್ತೇವೆ. ಬೇರೆಯವರು ಮಾಡಿದರೆ ಅವರ ಬುದ್ಧಿಯೇ ಅಷ್ಟು ಅನ್ನುತ್ತೇವೆ, ಅಲ್ವಾ? 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದಲ್ಲಿ ಕ್ಯೂಬಾ ದೇಶದ ನಾಯಕ ಕ್ಯಾಸ್ಟ್ರೋ ಪರ ಬರೆದ ಪ್ರಬಂಧ ಓದಿಸಿದರು. ಹೀಗೇ ಬರೆಯಬೇಕೆಂದು ಬರೆದವನಿಗೆ ಮೊದಲೇ ಹೇಳಲಾಗಿತ್ತು ಅಂತಲೂ ತಿಳಿಸಿದರು. ಆದರೂ ಓದಿದವರಿಗೆ ಅದು ಅವನ ಮನಸ್ಸಿನ ಮಾತೇ ಅನ್ನಿಸಿತ್ತು.

ಹಾಗಾಗಿ ಸಿಟ್ಟು ಬಂದಾಗ ಕೇಳಿಕೊಳ್ಳಿ: ನಾನೇ ಹೀಗೆ ಮಾಡಿದ್ದರೆ ಏನು ಕಾರಣ ಕೊಡುತ್ತಿದ್ದೆ? ಎರಡು ಕಾರಣ ಹೊಳೆಯುವ ತನಕ ಅವರ ಬಗ್ಗೆ ಇನ್ನೊಬ್ಬರ ಹತ್ತಿರ ಮಾತಾಡಬೇಡಿ. ಯಾರಾದರೂ ಹೆಂಗಸರು, ಮಕ್ಕಳ ಮೇಲೆ ಕೈ ಮಾಡುವುದು ಕಂಡರೆ ಮಾತ್ರ ಕಾರಣ ಹುಡುಕುತ್ತ ಕೂರಬೇಡಿ, ತಕ್ಷಣ ತಡೆಯಿರಿ. ಮಿಕ್ಕಿದ್ದಕ್ಕೆ ನೇರವಾಗಿ, "ಏನಣ್ಣ, ಎಲ್ಲ ಚೆನ್ನಾಗಿದ್ದೀರಾ?" ಅಂತ ಕೇಳಿ.