ಗಣಿ ಸಭೆಗೆ ಆಕ್ಷೇಪಣೆ ಬರೆಯುವುದು ಹೇಗೆ?

ಸಂಡೂರು, ಹೊಸಪೇಟೆ ಕಡೆ ಗಣಿ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಜನರ ಅಹವಾಲು ಸಭೆ ನಡೆದರೆ ಒಂದು ಗುಂಪು ‘ಗಣಿ ಬೇಡ’ ಎಂದು ಕೂಗುತ್ತದೆ, ಇನ್ನೊಂದು ‘ನಮ್ಮ ಹುಡುಗರಿಗೆ ಕೆಲಸ ಕೊಡಿ’ ಎನ್ನುತ್ತದೆ. ನಡಾವಳಿಯಲ್ಲಿ ಎರಡಕ್ಕೂ ಒಂದೊಂದು ಸಾಲು. ಕಂಪನಿ ತಡವರಿಸುವಂಥ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಹಂತ 1: ಪ್ರಕಟಣೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಬರಬೇಕು. ದಿನಾಂಕ ಗುರುತು ಹಾಕಿಕೊಳ್ಳಿ.

ಹಂತ 2: ಗಣಿಯಿಂದ ಪರಿಸರಕ್ಕೆ ಆಗುವ ಪರಿಣಾಮದ ಕರಡು ವರದಿ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿಯಲ್ಲಿ ನೋಡಲು ಸಿಗಬೇಕು. ಕನ್ನಡದ ಸಾರಾಂಶಕ್ಕೇ ತೃಪ್ತರಾಗಬೇಡಿ. ಕೆಲಸಕ್ಕೆ ಬರುವ ಅಂಕಿಗಳಿರುವುದು ಇಂಗ್ಲಿಷಿನ ದಪ್ಪ ವರದಿಯಲ್ಲಿ. ಊರಿನ ಕಾಲೇಜು ಹುಡುಗಿಯೊಬ್ಬಳನ್ನು ಜೊತೆಗೆ ಕೂರಿಸಿಕೊಳ್ಳಿ.

ಹಂತ 3: ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. ‘ಪರಿಸರ ಹಾಳಾಗುತ್ತದೆ’ ಎಂದರೆ ‘ಎಲ್ಲ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಪುಟಸಂಖ್ಯೆ ಹಿಡಿದು ಕೇಳಿ. ವರದಿಯಲ್ಲಿ ವರ್ಷಕ್ಕೆ 10 ಲಕ್ಷ ಟನ್ ಅದಿರು ಎಂದಿದೆ ಎನ್ನೋಣ. 300 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 3,333 ಟನ್. 25 ಟನ್ನಿನ ಟಿಪ್ಪರ್ ಆದರೆ 133 ಲೋಡು, ಹೋಗಿ ಬರುವುದು ಸೇರಿ 266 ಓಡಾಟ. ‘ಅಷ್ಟೂ ನಮ್ಮ ಶಾಲೆಯ ಮುಂದೆಯೇ? ಅದೇ ರಸ್ತೆಯಲ್ಲಿ ಈಗಾಗಲೇ ಓಡುವ ಬೇರೆ ಗಣಿಗಳ ಲಾರಿಯನ್ನೂ ಲೆಕ್ಕಕ್ಕೆ ಸೇರಿಸಿದ್ದೀರಾ?’ ಎಂದು ಕೇಳಿ. ಈ ಎರಡನೆಯ ಪ್ರಶ್ನೆಯನ್ನು ಬಿಡಲೇಬೇಡಿ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, ಮತ್ತೆ ಬಿಟ್ಟಾಗ ಜಿಲ್ಲೆಯ ಒಟ್ಟು ಉತ್ಪಾದನೆಗೇ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತ್ತು. ಒಂದೊಂದು ಗಣಿಯ ಧೂಳನ್ನು ಬೇರೆ ಬೇರೆ ಅಳೆದರೆ ಸಾಲದು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ನೀರಿನ ಅಧ್ಯಾಯವನ್ನೂ ತೆಗೆಯಿರಿ. ಸಮೀಕ್ಷೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನದು. ನಿಯಮವೇ ಅಷ್ಟಕ್ಕೆ ಒಪ್ಪುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಒಣಗುವ ಹಳ್ಳ ಲೆಕ್ಕದಿಂದಲೇ ಜಾರಿಹೋಗಬಹುದು. ಹಳ್ಳದ ಹೆಸರು, ಸರ್ವೆ ನಂಬರು, ಅದು ಸೇರುವ ಕೆರೆ ಬರೆಯಿರಿ.

ಪ್ರತಿ ಆಕ್ಷೇಪದ ಕೆಳಗೆ ಒಂದು ಷರತ್ತು ಕೇಳಿ: ಲಾರಿ ಬದಲು ಅದಿರು ಸಾಗಿಸುವ ಕನ್ವೇಯರ್ ಪಟ್ಟಿ, ಊರು ತಪ್ಪಿಸುವ ರಸ್ತೆ, ಮಣ್ಣಿನ ರಾಶಿಗೆ ತಡೆಗೋಡೆ. ಗಣಿ ಬಂದೇ ಬಂದರೆ ಅನುಮತಿ ಪತ್ರದಲ್ಲಿ ಉಳಿಯುವುದು ಷರತ್ತು ಮಾತ್ರ.

ವಾಟ್ಸ್‌ಆ್ಯಪಿನಲ್ಲಿ ತಿರುಗುವ ಸಿದ್ಧ ಅರ್ಜಿ ಬೇಡ. ನೂರು ಪ್ರತಿ ಕೊಟ್ಟರೂ ಒಂದೇ ಆಕ್ಷೇಪ. ಆನ್‌ಲೈನಿನ ಅಗ್ಗದ ಧೂಳು ಮೀಟರಿಗೆ ದುಡ್ಡು ಸುರಿಯಬೇಡಿ, ಅದರ ಅಂಕಿಯನ್ನು ಯಾರೂ ಒಪ್ಪುವುದಿಲ್ಲ. ಮೆಣಸಿನ ಗಿಡದ ಮೇಲಿನ ಕೆಂಧೂಳಿನ ಫೋಟೊ, ದಿನಾಂಕ ಸಮೇತ, ಎಷ್ಟೋ ಮೇಲು.

ಹಂತ 4: ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸಭೆ ನಡೆಸುವ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವೀಕೃತಿ ಮುದ್ರೆ ಹಾಕಿಸಿ. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಊಟದ ಪೊಟ್ಟಣ ಹಿಡಿದು ಅದಕ್ಕೂ ಮೊದಲೇ ಹೊರಡಬೇಡಿ.

ಹಂತ 5: ಗಣಿಗೆ ಅನುಮತಿ ಸಿಕ್ಕರೆ ಅದರ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಲು 30 ದಿನ, ತಕ್ಕ ಕಾರಣವಿದ್ದರೆ ಇನ್ನೂ 60. ಹೋಗದಿದ್ದರೂ ಕಂಪನಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕಾದ ಷರತ್ತು ಪಾಲನಾ ವರದಿ ಕೇಳಿ ಪಡೆಯಿರಿ. ಅದು ಸಾರ್ವಜನಿಕ ದಾಖಲೆ.