ಐಎನ್‌ಆರ್ ರಿಪೋರ್ಟ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ನುಂಗುತ್ತಿರುವವರು ಐಎನ್‌ಆರ್ ಹೆಸರು ಕೇಳಿಯೇ ಇರುತ್ತೀರಿ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅನ್ನುವ ಲೆಕ್ಕ ಅದು. ಮಾತ್ರೆ ತಗೊಳ್ಳದವರಲ್ಲಿ ಸುಮಾರು 1 ಇರುತ್ತದೆ. ಕಾಲಿನ ಹೆಪ್ಪಿಗೆ ಸಾಮಾನ್ಯವಾಗಿ 2ರಿಂದ 3ರೊಳಗೆ ಇಡುತ್ತಾರೆ, ಕೆಲವು ಕವಾಟಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮದು ಎಷ್ಟಿರಬೇಕು ಅಂತ ಡಾಕ್ಟರನ್ನು ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಮಾತ್ರೆಯನ್ನು ಸಂಜೆಗೆ ಇಟ್ಟುಕೊಂಡರೆ ಅನುಕೂಲ. ಬೆಳಿಗ್ಗೆ ರಕ್ತ ಕೊಟ್ಟರೆ, ರಿಪೋರ್ಟ್ ನೋಡಿ ಡಾಕ್ಟರ್ ಹೇಳಿದ ಹೊಸ ಡೋಸ್ ಅವತ್ತೇ ಶುರು ಮಾಡಬಹುದು. ರಕ್ತ ಕೊಡುವಾಗ ನೀಲಿ ಮುಚ್ಚಳದ ಟ್ಯೂಬ್ ಗುರುತಿನವರೆಗೆ ತುಂಬಿತಾ ಅಂತ ನೋಡಿ, ಲ್ಯಾಬಿನವರು ಸಿಡುಕಿದರೂ ಪರವಾಗಿಲ್ಲ. ಅರ್ಧ ತುಂಬಿದರೆ ಒಳಗಿನ ಸಿಟ್ರೇಟ್ (ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ದ್ರವ) ಪಾಲು ಜಾಸ್ತಿಯಾಗಿ ಅಂಕಿ ಸುಮ್ಸುಮ್ನೆ ಮೇಲೆ ಹೋಗುತ್ತದೆ.

ಈಗ ಮುಖ್ಯ ಕೆಲಸ. ಅಂಕಿಯ ಪಕ್ಕದಲ್ಲಿ ಆ ವಾರ ಏನೇನು ಬದಲಾಯಿತು ಅಂತ ಬರೆಯಿರಿ. ವಾರ್ಫರಿನ್ನನ್ನು ಲಿವರ್‌ನಲ್ಲಿ ಮುಖ್ಯವಾಗಿ ಸಿವೈಪಿ2ಸಿ9 ಎಂಬ ಕಿಣ್ವ ಒಡೆದು ಹಾಕುತ್ತದೆ. ಹುಟ್ಟಿನಿಂದಲೇ ಅದು ನಿಧಾನವಾಗಿರುವವರಿಗೆ ಕಡಿಮೆ ಡೋಸ್ ಸಾಕು. ಜೀನ್ ಟೆಸ್ಟ್ ಇದನ್ನು ಮೊದಲೇ ಹೇಳಬಲ್ಲದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ವಾರ್ಫರಿನ್ ಲೇಬಲ್ಲಿಗೆ ಈ ವಿಷಯ ಸೇರಿಸಿತು. ಆದರೆ ನಿನ್ನೆ ಭೇದಿಗೆ ಅಂತ ನೀವು ಮೆಟ್ರೊನಿಡಜೋಲ್ ನುಂಗಿದ್ದು ಜೀನ್ ಟೆಸ್ಟಿಗೆ ಗೊತ್ತಾಗಲ್ಲ, ಅಲ್ವಾ? ಆ ಮಾತ್ರೆ ಐಎನ್‌ಆರ್ ಏರಿಸುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ಉಲ್ಟಾ. ಅದು ಕಿಣ್ವವನ್ನು ಹೆಚ್ಚಿಸಿ ಐಎನ್‌ಆರ್ ಇಳಿಸುತ್ತದೆ, ಅದಕ್ಕೆ ತಕ್ಕಂತೆ ಡೋಸ್ ಏರಿಸಿರುತ್ತಾರೆ, ಆಮೇಲೆ ಟಿಬಿ ಕೋರ್ಸ್ ಮುಗಿಯಿತು ಅಂತ ಖುಷಿಯಲ್ಲಿರುವಾಗ ಅಂಕಿ ನಿಧಾನಕ್ಕೆ ಮೇಲೇರುತ್ತದೆ. ಹಾಗಾಗಿ ಹೊಸ ಮಾತ್ರೆ ಶುರುವಾದಾಗಲೂ ನಿಂತಾಗಲೂ ಟೆಸ್ಟ್ ಯಾವಾಗ ಅಂತ ಕೇಳಿ. ಪೂರ್ತಿ ಪರಿಣಾಮ ಕಾಣಲು ಹಲವು ದಿನ ಬೇಕು. ಮರುದಿನವೇ 2.5 ಬಂತು ಅಂತ ನಿಶ್ಚಿಂತೆಯಾಗಬೇಡಿ.

ಸೊಪ್ಪು ಬಿಡಿ ಅಂತ ಹೇಳುವವರು ಬಹಳ. ಬಿಡಬೇಡಿ. ವಾರಕ್ಕೆ ಎರಡು ದಿನ ಮಸ್ಸೊಪ್ಪು ತಿನ್ನುತ್ತಿದ್ದರೆ ಹಾಗೇ ಮುಂದುವರಿಸಿ. ಹದಿನೈದು ದಿನ ಮುಟ್ಟದೆ ಆಮೇಲೆ ದಿನಾ ನುಗ್ಗೆಸೊಪ್ಪು ತಿಂದರೆ, ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುವ ಸೊಪ್ಪಿನ ವಿಟಮಿನ್ ಕೆ ಏರುಪೇರಾಗಿ ಅಂಕಿ ಕುಣಿಯುತ್ತದೆ.

ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮಾತ್ರ ಬೇರೆ ಕಥೆ. ಐಎನ್‌ಆರ್ ಸರಿಯಾಗೇ ಇದ್ದರೂ ಅವುಗಳಿಂದ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಮಲ ಟಾರಿನ ಹಾಗೆ ಕಪ್ಪಾದರೆ ಅಥವಾ ತಲೆಗೆ ಪೆಟ್ಟು ಬಿದ್ದರೆ ಮುಂದಿನ ಟೆಸ್ಟಿಗೆ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ನೋಟ್‌ಬುಕ್ ಜೊತೆಗಿರಲಿ.